ಮಗು ಚೆನ್ನಾಗಿದೆಯಲ್ಲ, ಇನ್ನೂ ಏಕೆ ಇಲ್ಲಿ?

ನನ್ನ ಮಗಳಿಗೆ ಮೆದುಳಿನ ಸೋಂಕು ತಗುಲಿದಾಗ ಅವಳಿಗೆ ಜ್ವರವೇ ಇರಲಿಲ್ಲ. ಮೈ ತಣ್ಣಗಿತ್ತು. ಅಳು ಇಲ್ಲ, ಹಟ ಇಲ್ಲ, ಹಗಲೂ ರಾತ್ರಿಯೂ ನಿದ್ದೆ. ಬಾಣಂತಿಯನ್ನು ನೋಡಲು ಬಂದ ನೆಂಟರೆಲ್ಲ "ಎಷ್ಟು ಸಾಧು ಕೂಸು, ತಾಯಿಗೆ ತೊಂದರೆಯೇ ಕೊಡುವುದಿಲ್ಲ" ಎಂದು ಹೊಗಳಿ, ಅದರ ಪುಟ್ಟ ಮುಷ್ಟಿಗೆ ಐವತ್ತೋ ನೂರೋ ರೂಪಾಯಿ ತುರುಕಿ ಹೋಗುತ್ತಿದ್ದರು.

ನಾನು ಸಹಕಾರ ಸಂಘವೊಂದರಲ್ಲಿ ಲೆಕ್ಕ ಬರೆಯುವವಳು. ಬಾಣಂತನಕ್ಕೆಂದು ಅರಸೀಕೆರೆಯ ಹತ್ತಿರದ ತವರಿಗೆ ಬಂದಾಗ ಹಳೆಯ ಡೈರಿಯೊಂದನ್ನು ಜೊತೆಗೆ ತಂದಿದ್ದೆ. ಮಗು ಹಾಲು ಕುಡಿದ ಹೊತ್ತು, ಬಟ್ಟೆ ಒದ್ದೆ ಮಾಡಿದ ಸಲ, ಎಲ್ಲಕ್ಕೂ ಅದರಲ್ಲಿ ಗುರುತು ಹಾಕುತ್ತಿದ್ದೆ. "ಕೂಸಿಗೂ ರಸೀದಿ ಹರಿಯುತ್ತೀಯಾ?" ಎಂದು ಅಮ್ಮ ನಗುತ್ತಿದ್ದಳು. ಎರಡನೇ ವಾರದ ಕೊನೆಗೆ ಬರುವಾಗ ಪುಟದ ಮೇಲಿನ ಗುರುತುಗಳು ವಿರಳವಾದವು. ಎರಡು ಗಂಟೆಗೊಮ್ಮೆ ಎದ್ದು ಬಾಯಿ ತೆರೆಯುತ್ತಿದ್ದ ಮಗು ಐದು ಗಂಟೆಯಾದರೂ ಏಳುತ್ತಿರಲಿಲ್ಲ. ಎಬ್ಬಿಸಿ ಎದೆಗೆ ಹಚ್ಚಿದರೆ ನಾಲ್ಕು ಸಲ ಚೀಪಿ ಬಿಟ್ಟುಬಿಡುತ್ತಿತ್ತು. ದಿನ ತುಂಬಿ ಹುಟ್ಟಿದ, 2.9 ಕೆ.ಜಿ. ತೂಗಿದ, ಹೆರಿಗೆಯಲ್ಲಿ ಯಾವ ತೊಡಕನ್ನೂ ಕಾಣದ ಮಗು ಅದು.

ಆಸ್ಪತ್ರೆಯಲ್ಲಿ ಹುಟ್ಟಿದ ಮಗುವನ್ನು ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೆಯ ದಿನ ಮನೆಗೇ ಬಂದು ನೋಡಬೇಕೆಂಬ ನಿಯಮವಿದೆ. ಬಹಳ ಮನೆಗಳಲ್ಲಿ ಇದನ್ನು ಕಾಫಿ ಕುಡಿದು ಪುಸ್ತಕಕ್ಕೆ ಸಹಿ ಹಾಕಿಸಿಕೊಂಡು ಹೋಗುವ ಶಾಸ್ತ್ರವೆಂದು ತಿಳಿದಿರುತ್ತಾರೆ. ನಮ್ಮೂರಿನ ಆಶಾ ಅಕ್ಕ ಹಾಗಲ್ಲ. ಹದಿನಾಲ್ಕನೆಯ ದಿನ ಬಂದವರು ಕೈ ತೊಳೆದು, ಮಗುವಿನ ಕಂಕುಳಿಗೆ ಥರ್ಮಾಮೀಟರ್ ಇಟ್ಟರು. 35.2 ಡಿಗ್ರಿ. ಇನ್ನೊಮ್ಮೆ ಇಟ್ಟರು, ಅಷ್ಟೇ. ಅಂಗಾಲಿಗೆ ಬೆರಳಿನಿಂದ ತಟ್ಟಿದರು. ಮಗು ಕಾಲನ್ನು ಸ್ವಲ್ಪ ಎಳೆದುಕೊಂಡು ಮತ್ತೆ ಸುಮ್ಮನಾಯಿತು. ಕಾಫಿಯ ಲೋಟ ಮುಟ್ಟದೆ, "ಹಾಲು ಬಿಟ್ಟಿದೆ, ಮೈ ತಣ್ಣಗಿದೆ, ಮುಟ್ಟಿದರೆ ಮಾತ್ರ ಅಲುಗುತ್ತಿದೆ. ಈ ಮೂರರಲ್ಲಿ ಒಂದಿದ್ದರೂ ಆಸ್ಪತ್ರೆಗೆ ಕಳುಹಿಸಬೇಕೆಂದು ನಮಗೆ ಹೇಳಿಕೊಟ್ಟಿದ್ದಾರೆ. ಈಗಲೇ ಹೊರಡಿ" ಎಂದರು. ದೊಡ್ಡವರ ಮೈ ಸೋಂಕು ತಗುಲಿದರೆ ಕಾಯುತ್ತದೆ. ತಿಂಗಳು ತುಂಬದ ಮಗುವಿನ ಮೈಗೆ ಕೆಲವೊಮ್ಮೆ ಕಾಯುವಷ್ಟೂ ತ್ರಾಣವಿರುವುದಿಲ್ಲ.

ಅಮ್ಮನಿಗೆ ಬಾಲಗ್ರಹದ ಭಯ. ಪಕ್ಕದ ಊರಿನಲ್ಲಿ ತಾಯಿತ ಕಟ್ಟುವವರಿದ್ದಾರೆ, ಒಂದು ಗಂಟೆಯ ಕೆಲಸ, ಅದನ್ನು ಮುಗಿಸಿ ಹೋಗೋಣ ಎಂದಳು. ಆಶಾ ಅಕ್ಕ ಜಗಳ ಮಾಡಲಿಲ್ಲ. "ತಾಯಿತ ಆಸ್ಪತ್ರೆಗೇ ತಂದು ಕಟ್ಟಿಸಿ ಅಮ್ಮ, ಯಾರೂ ಬೇಡ ಎನ್ನುವುದಿಲ್ಲ" ಎಂದು ಹೇಳಿ ಆಟೋ ಕರೆದರು. ಆ ಒಂದು ಮಾತಿಗೆ ನಾನು ಅವರಿಗೆ ಇಂದಿಗೂ ಋಣಿ. ಬೇರೆ ಯಾರಾದರೂ ಮೌಢ್ಯ, ಗೀಢ್ಯ ಎಂದು ಭಾಷಣ ಶುರು ಮಾಡಿದ್ದರೆ ಅಮ್ಮ ಹಟ ಹಿಡಿಯುತ್ತಿದ್ದಳು, ಗಂಟೆ ಒಂದಲ್ಲ ಮೂರಾಗುತ್ತಿತ್ತು.

ಅರಸೀಕೆರೆಯ ಆಸ್ಪತ್ರೆಯಲ್ಲಿ ವೈದ್ಯರು ಮಗುವಿನ ಅಂಗಿ ಬಿಚ್ಚಿ ಮಲಗಿಸಿ, ಮುಟ್ಟದೆ ಕೆಲವು ನಿಮಿಷ ಸುಮ್ಮನೆ ನೋಡಿದರು. ತುಟಿ ಚಪ್ಪರಿಸುತ್ತಿತ್ತು. ಕಣ್ಣು ಬಲಕ್ಕೆ ಹೊರಳಿ ಅಲ್ಲೇ ನಿಂತಿತ್ತು. ಎಡಗಾಲು ಸೈಕಲ್ ತುಳಿಯುವಂತೆ ಆಡುತ್ತಿತ್ತು. ಬೆಳಗ್ಗೆಯೂ ಹೀಗೇ ತುಟಿ ಆಡಿಸಿದ್ದನ್ನು ನಾವೆಲ್ಲ ಕನಸಿನಲ್ಲಿ ಹಾಲು ಕುಡಿಯುತ್ತಿದೆ ಎಂದುಕೊಂಡು ನೋಡಿ ಖುಷಿಪಟ್ಟಿದ್ದೆವು. ವೈದ್ಯರು ಆ ಕಾಲನ್ನು ಮೆಲ್ಲಗೆ ಹಿಡಿದರು. ಅವರ ಮುಷ್ಟಿಯೊಳಗೂ ಅದು ಅದುರುವುದು ನಿಲ್ಲಲಿಲ್ಲ. "ಸುಮ್ಮನೆ ನಡುಗುವುದಾದರೆ ಹಿಡಿದಾಗ ನಿಲ್ಲುತ್ತದೆ. ಇದು ಫಿಟ್ಸ್" ಎಂದರು. ಫಿಟ್ಸ್ ಎಂದರೆ ಮೈಯೆಲ್ಲ ಸೆಟೆದು ಬಾಯಲ್ಲಿ ನೊರೆ ಬರುವುದು ಎಂದು ನಾನು ತಿಳಿದಿದ್ದೆ. ನವಜಾತ ಶಿಶುವಿನ ಮೆದುಳು ಇನ್ನೂ ಅಷ್ಟು ಬೆಳೆದಿರುವುದಿಲ್ಲವಾದ್ದರಿಂದ ಅದರ ಫಿಟ್ಸ್ ಹೀಗೆ ಕದ್ದುಮುಚ್ಚಿ ಬರುತ್ತದಂತೆ.

ಅಲ್ಲಿಂದ ಎಲ್ಲವೂ ಬೇಗ ಬೇಗ ನಡೆಯಿತು. ರಕ್ತದ ಸಕ್ಕರೆ ನೋಡಿದರು, ಫಿಟ್ಸ್ ನಿಲ್ಲಲು ಫಿನೊಬಾರ್ಬಿಟೋನ್ ಕೊಟ್ಟರು, ಆಂಪಿಸಿಲಿನ್ ಮತ್ತು ಜೆಂಟಾಮೈಸಿನ್ ಎಂಬ ಆಂಟಿಬಯೋಟಿಕ್‌ಗಳ ಮೊದಲ ಡೋಸ್ ಅಲ್ಲೇ ಹಾಕಿದರು. ಹಾಸನಕ್ಕೆ ಹೋದ ಮೇಲೆ ಹಾಕಿಸೋಣ ಎಂದು ಕಾಯಲಿಲ್ಲ. 108ರ ಒಳಗೆ ಸಿಸ್ಟರ್ ನನ್ನ ರವಿಕೆಯ ಗುಂಡಿ ಬಿಚ್ಚಿಸಿ, ಮಗುವಿಗೆ ಟೊಪ್ಪಿಗೆ ಹಾಕಿ, ಬರಿಮೈಯಲ್ಲಿ ಅದನ್ನು ನನ್ನ ಎದೆಗೆ ಒರಗಿಸಿ ಸೆರಗು ಸುತ್ತಿದರು. ಮಗುವಿನ ಮೈ ಬೆಚ್ಚಗಿಡಲು ಇದಕ್ಕಿಂತ ಒಳ್ಳೆಯ ಉಪಾಯ ಈ ಗಾಡಿಯಲ್ಲಿ ಇಲ್ಲ ಎಂದರು. ಹಾರನಹಳ್ಳಿ ದಾಟುವ ಹೊತ್ತಿಗೆ ಅಮ್ಮ ಎಲ್ಲ ದೇವರ ಹೆಸರನ್ನೂ ಒಂದು ಸುತ್ತು ಮುಗಿಸಿದ್ದಳು.

ಹಾಸನದ ಸರ್ಕಾರಿ ಆಸ್ಪತ್ರೆಯ ನವಜಾತ ಶಿಶು ಘಟಕದ ವೈದ್ಯೆಯನ್ನು ಎಲ್ಲರೂ ಮೇಡಂ ಎನ್ನುತ್ತಿದ್ದರು, ನಾನೂ ಹಾಗೆಯೇ ಕರೆದೆ. ವಯಸ್ಸಿನಲ್ಲಿ ನನಗಿಂತ ಚಿಕ್ಕವರಿರಬೇಕು. ನೆತ್ತಿಯ ಮೇಲೆ ಅಂಗೈ ಇಟ್ಟು ನೋಡಿ, ಉಬ್ಬಿಲ್ಲ ಎಂದರು. ನನಗೆ ಸಮಾಧಾನವಾಯಿತು. ಅದನ್ನು ಗಮನಿಸಿದವರು, ನೆತ್ತಿ ಉಬ್ಬಿಲ್ಲದಿದ್ದರೂ ಮೆದುಳಿನ ಪೊರೆಗೆ ಸೋಂಕು ಇರಬಹುದು, ಇಷ್ಟು ಚಿಕ್ಕ ಮಕ್ಕಳಲ್ಲಿ ಕತ್ತು ಬಿಗಿಯುವುದೂ ಅಪರೂಪ, ಬೆನ್ನಿನ ನೀರು ತೆಗೆದು ನೋಡದೆ ಏನನ್ನೂ ಹೇಳಲಾಗದು ಎಂದರು. ಒಪ್ಪಿಗೆಯ ಕಾಗದವನ್ನು ಮುಂದಿಟ್ಟರು.

ಇಲ್ಲಿ ನಮ್ಮ ಮನೆ ಎರಡಾಯಿತು. ನಮ್ಮ ಯಜಮಾನರು ಅಷ್ಟು ಹೊತ್ತಿಗೆ ಅತ್ತೆಯವರನ್ನು ಕರೆದುಕೊಂಡು ಬಂದಿದ್ದರು. "ಬೆನ್ನಿಗೆ ಸೂಜಿ ಹಾಕಿದರೆ ಸೊಂಟದ ಸ್ವಾಧೀನ ಹೋಗುತ್ತದೆ. ಹೆಣ್ಣು ಮಗು, ಮುಂದೆ ಯಾರು ನೋಡುತ್ತಾರೆ?" ಎಂದು ಅತ್ತೆ ಅಳತೊಡಗಿದರು. ಯಜಮಾನರು ಪೆನ್ನು ಹಿಡಿದು ನಿಂತೇ ಇದ್ದರು. ಮೇಡಂ ಕಾಗದದ ಹಿಂಬದಿಯಲ್ಲಿ ಬೆನ್ನುಮೂಳೆಯ ಚಿತ್ರ ಬರೆದರು. ದೊಡ್ಡವರಲ್ಲಿ ಬೆನ್ನುಹುರಿ ಸೊಂಟದ ಮೊದಲ ಎರಡು ಮೂಳೆಗಳ ಹತ್ತಿರ ಮುಗಿಯುತ್ತದೆ, ಹುಟ್ಟಿದ ಮಕ್ಕಳಲ್ಲಿ ಇನ್ನೊಂದು ಮೂಳೆಯಷ್ಟು ಕೆಳಗಿರುತ್ತದೆ, ಆದ್ದರಿಂದ ನಾವು ಸೂಜಿಯನ್ನು ಅದಕ್ಕಿಂತಲೂ ಕೆಳಗೆ, ಬರೀ ನೀರಿರುವ ಕಡೆ ಹಾಕುತ್ತೇವೆ ಎಂದು ಗೆರೆ ಎಳೆದು ತೋರಿಸಿದರು. ರಕ್ತದ ಪರೀಕ್ಷೆ ಸಾಲದೇ ಎಂದು ನಾನು ಕೇಳಿದೆ. ಸಾಲದು. ಮೆದುಳಿನ ಪೊರೆಯಲ್ಲಿ ಸೋಂಕಿರುವ ಮಕ್ಕಳಲ್ಲಿ ಸುಮಾರು ಮೂರನೇ ಒಂದು ಭಾಗದವರ ರಕ್ತದಲ್ಲಿ ರೋಗಾಣು ಬೆಳೆಯುವುದೇ ಇಲ್ಲ.

ಆಮೇಲೆ ಅವರು ಹೇಳಿದ ಮಾತು ಲೆಕ್ಕದವಳಾದ ನನಗೆ ನೇರವಾಗಿ ತಾಗಿತು. ಸೋಂಕು ಬರೀ ರಕ್ತದಲ್ಲಿದ್ದರೆ ಔಷಧದ ಪ್ರಮಾಣ ಒಂದು, ದಿನಗಳ ಲೆಕ್ಕ ಒಂದು. ಮೆದುಳಿಗೆ ಹೋಗಿದ್ದರೆ ಪ್ರಮಾಣವೂ ಹೆಚ್ಚು, ದಿನಗಳೂ ಹೆಚ್ಚು. ನೋಡದೆ ಔಷಧ ಕೊಟ್ಟರೆ ಯಾವ ದಿನ ನಿಲ್ಲಿಸಬೇಕೆಂದು ಯಾರಿಗೂ ಗೊತ್ತಿರುವುದಿಲ್ಲ. ಯಜಮಾನರು ಕಾರಿಡಾರಿನ ಕೊನೆಗೆ ಹೋಗಿ ಮೊಬೈಲಿನಲ್ಲಿ ಏನೇನೋ ಓದಿ ಬಂದರು. ಈ ವಿಧಾನವನ್ನು ಹೈನ್ರಿಖ್ ಕ್ವಿಂಕೆ ಎಂಬ ಜರ್ಮನ್ ವೈದ್ಯ 1891ರಲ್ಲೇ ಬಳಕೆಗೆ ತಂದಿದ್ದನಂತೆ. "ನೂರಕ್ಕೂ ಹೆಚ್ಚು ವರ್ಷದಿಂದ ಮಾಡುತ್ತಿದ್ದಾರೆ, ಅಮ್ಮ" ಎಂದು ಅತ್ತೆಯವರಿಗೆ ಹೇಳಿ ಸಹಿ ಹಾಕಿದರು. ಜನರಿಗೆ ಧೈರ್ಯ ಎಲ್ಲೆಲ್ಲಿಂದಲೋ ಬರುತ್ತದೆ.

ಆರೋಗ್ಯವಂತ ಶಿಶುವಿನ ಬೆನ್ನಿನ ನೀರು ತಿಳಿಯಾಗಿರುತ್ತದೆ. ನನ್ನ ಮಗಳದು ಕದಡಿತ್ತು. ಸಾಮಾನ್ಯವಾಗಿ ಇಪ್ಪತ್ತರ ಒಳಗಿರಬೇಕಾದ ಬಿಳಿ ರಕ್ತಕಣಗಳು 1,400 ಇದ್ದವು. ಅದೇ ಹೊತ್ತಿನಲ್ಲಿ ತೆಗೆದ ರಕ್ತದಲ್ಲಿ ಸಕ್ಕರೆ 82, ಬೆನ್ನಿನ ನೀರಿನಲ್ಲಿ ಬರೀ 18. ಅಲ್ಲಿನ ಸಕ್ಕರೆಯನ್ನು ಸೋಂಕು ಖಾಲಿ ಮಾಡುತ್ತಿತ್ತು. ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕಡ್ಡಿಯಾಕಾರದ ಗುಲಾಬಿ ಬಣ್ಣದ ಬ್ಯಾಕ್ಟೀರಿಯಾಗಳು ಕಂಡವು. ಎರಡು ದಿನ ಬೆಳೆಸಿದ ಮೇಲೆ ಹೆಸರು ಗೊತ್ತಾಯಿತು: ಇ. ಕೋಲಿ. ಅಷ್ಟರಲ್ಲಿ ಕೊಡುತ್ತಿದ್ದ ಸೆಫೊಟ್ಯಾಕ್ಸಿಮ್‌ಗೆ ಅದು ಬಗ್ಗುವುದಿಲ್ಲ ಎಂಬುದೂ ಗೊತ್ತಾಯಿತು. ಮೆರೊಪೆನೆಮ್ ಶುರು ಮಾಡಿದರು. ಮೆದುಳಿಗೆ ತಲುಪಬೇಕಾದ್ದರಿಂದ ಮಾಮೂಲಿ ಸೋಂಕಿಗೆ ಕೊಡುವುದಕ್ಕಿಂತ ದೊಡ್ಡ ಪ್ರಮಾಣ, ಎಂಟು ಗಂಟೆಗೊಮ್ಮೆ.

ಇ. ಕೋಲಿ ಎಲ್ಲರ ಕರುಳಿನಲ್ಲೂ ಇರುವ ಜೀವಿ. ಹಾಗಾದರೆ ನನ್ನ ಮಗಳ ಮೆದುಳಿಗೆ ಹೇಗೆ ಹೋಯಿತು? ಈ ಪ್ರಶ್ನೆ ನನಗಿಂತ ಹೆಚ್ಚಾಗಿ ನೆಂಟರಿಗಿತ್ತು. ಗರ್ಭಿಣಿಯಾಗಿದ್ದಾಗ ನಾನು ಗ್ರಹಣದ ದಿನ ಹೊರಗೆ ಓಡಾಡಿದ್ದು, ತಣ್ಣೀರು ಮುಟ್ಟಿದ್ದು, ಪರಂಗಿ ಹಣ್ಣು ತಿಂದದ್ದು, ಒಂದೊಂದೇ ಹೊರಗೆ ಬಂದವು. ಅಮೆರಿಕದ ನ್ಯೂಜೆರ್ಸಿಯಲ್ಲಿರುವ ದೊಡ್ಡಪ್ಪನ ಮಗಳು ಫೋನ್ ಮಾಡಿ, "ನಿನಗೆ ಒಂಬತ್ತನೇ ತಿಂಗಳಲ್ಲಿ ಆ ಪರೀಕ್ಷೆ ಮಾಡಿಸಿರಲಿಲ್ಲವೇ?" ಎಂದಳು. ಅಲ್ಲಿ ಎಲ್ಲ ಗರ್ಭಿಣಿಯರಿಗೂ ಗ್ರೂಪ್ ಬಿ ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾ ಇದೆಯೇ ಎಂದು ನೋಡಿ, ಇದ್ದರೆ ಹೆರಿಗೆಯ ಹೊತ್ತಿನಲ್ಲಿ ಪೆನಿಸಿಲಿನ್ ಕೊಡುತ್ತಾರೆ. ಮೇಡಂಗೆ ಕೇಳಿದೆ. ನಮ್ಮ ದೇಶದ ನವಜಾತ ಶಿಶುಗಳಲ್ಲಿ ಕ್ಲೆಬ್ಸಿಯೆಲ್ಲಾ, ಇ. ಕೋಲಿ, ಅಸಿನೆಟೊಬ್ಯಾಕ್ಟರ್‌ಗಳ ಕಾಟವೇ ಹೆಚ್ಚು, ಆ ಪರೀಕ್ಷೆ ಇವನ್ನು ಹಿಡಿಯುವುದಿಲ್ಲ, ಅಮೆರಿಕದಲ್ಲೂ ಅದು ಮೊದಲ ವಾರದ ಸೋಂಕನ್ನು ತಡೆಯುತ್ತದೆಯೇ ಹೊರತು ಆಮೇಲೆ ಬರುವುದನ್ನಲ್ಲ ಎಂದರು. ಮೆದುಳಿಗೆ ನುಗ್ಗುವ ಇ. ಕೋಲಿಯಲ್ಲಿ ಹೆಚ್ಚಿನವಕ್ಕೆ ಕೆ1 ಎಂಬ ಹೊದಿಕೆ ಇರುತ್ತದೆ. ಆ ಹೊದಿಕೆಯ ಸಕ್ಕರೆಯ ಸರಪಳಿ ಮಗುವಿನ ನರಕೋಶಗಳ ಮೇಲಿರುವ ಸರಪಳಿಯಂತೆಯೇ ಇರುತ್ತದೆ. "ಮನೆಯವರ ಅಂಗಿಯನ್ನೇ ತೊಟ್ಟು ಬಂದ ಕಳ್ಳ. ನಾಯಿ ಬೊಗಳುವುದಿಲ್ಲ" ಎಂದರು ಮೇಡಂ. ಆ ವಾಕ್ಯವನ್ನು ನಾನು ಅತ್ತೆಯವರಿಗೆ ಹಾಗೆಯೇ ಒಪ್ಪಿಸಿದೆ. ಪರಂಗಿ ಹಣ್ಣಿನ ವಿಷಯ ಅಲ್ಲಿಗೆ ನಿಂತಿತು.

ಒಳಗೆ ವಾರ್ಮರ್ ಕೆಳಗೆ ಮಗು, ಹೊರಗೆ ತಾಯಂದಿರ ಕೊಠಡಿಯಲ್ಲಿ ನಾವು. ಮೂರು ಗಂಟೆಗೊಮ್ಮೆ ಹಾಲು ಹಿಂಡಿ ಸ್ಟೀಲ್ ಬಟ್ಟಲಲ್ಲಿ ಕೊಡಬೇಕು, ಅದನ್ನು ನಳಿಕೆಯಲ್ಲಿ ಹೊಟ್ಟೆಗೆ ಬಿಡುತ್ತಾರೆ. ಆತಂಕಕ್ಕೆ ಹಾಲು ಇಳಿಯುವುದಿಲ್ಲ, ಇಳಿಯಲಿಲ್ಲವೆಂದು ಇನ್ನಷ್ಟು ಆತಂಕ. ಸಕಲೇಶಪುರದ ಕಡೆಯ ಕಾಫಿ ತೋಟದಲ್ಲಿ ಕೂಲಿ ಮಾಡುವ, ಅವಳಿ ಮಕ್ಕಳ ತಾಯಿಯೊಬ್ಬಳಿದ್ದಳು. ಹಾಲು ಹಿಂಡುವಾಗ ಮಗುವಿನ ಟೊಪ್ಪಿಗೆಯನ್ನು ಮೂಗಿನ ಹತ್ತಿರ ಇಟ್ಟುಕೊಳ್ಳಲು ಹೇಳಿಕೊಟ್ಟವಳು ಅವಳೇ. ಕೆಲಸ ಮಾಡಿತು. ಏಕೆ ಎಂದು ಯಾರನ್ನೂ ಕೇಳಲಿಲ್ಲ.

ಔಷಧಕ್ಕಿಂತ ಅದನ್ನು ಹಾಕಲು ರಕ್ತನಾಳ ಹುಡುಕುವುದೇ ದೊಡ್ಡ ಕೆಲಸ. ಕೂದಲಿನಷ್ಟು ತೆಳು ನಾಳ, ಕ್ಯಾನುಲಾ ಎರಡು ದಿನವೂ ನಿಲ್ಲುತ್ತಿರಲಿಲ್ಲ. ಕೈ ಮುಗಿದ ಮೇಲೆ ಕಾಲು, ಕಾಲು ಮುಗಿದ ಮೇಲೆ ತಲೆ. ತಲೆಯ ಒಂದು ಬದಿಯ ಕೂದಲನ್ನು ಸಿಸ್ಟರ್ ಬೋಳಿಸಿದಾಗ ಅಮ್ಮ ಕಂಗಾಲಾದಳು. ಮಗುವಿನ ಮೊದಲ ಮುಡಿ ಜೇನುಕಲ್ಲು ಸಿದ್ದೇಶ್ವರನಿಗೆ ಹರಕೆಯಾಗಿತ್ತು. ಸಿಸ್ಟರ್ ಮಾತಾಡದೆ ಆ ಎಳೆಗಳನ್ನು ಹತ್ತಿಯ ಮೇಲೆ ಕೂಡಿಸಿ, ಕಾಗದದಲ್ಲಿ ಮಡಚಿ, ಮೇಲೆ ದಿನಾಂಕ ಬರೆದು ಕೊಟ್ಟರು. ಅಮ್ಮ ಅದನ್ನು ಕುಂಕುಮದ ಭರಣಿಯ ಜೊತೆ ಇಟ್ಟುಕೊಂಡಳು. ದೇವರು ಕಂತಿನಲ್ಲಿ ಪಡೆಯುತ್ತಾನೋ ಇಲ್ಲವೋ ಎಂಬ ಚರ್ಚೆ ಕೆಲವು ದಿನ ನಡೆದು, ಪಡೆಯುತ್ತಾನೆ ಎಂದು ತೀರ್ಮಾನವಾಯಿತು. ಕೊನೆಗೆ ತೋಳಿನಿಂದ ಎದೆಯ ಹತ್ತಿರದ ದೊಡ್ಡ ನಾಳದವರೆಗೆ ಹೋಗುವ ಉದ್ದನೆಯ ಸಣ್ಣ ನಳಿಕೆ ಹಾಕಿದರು. ಚುಚ್ಚುವುದು ತಪ್ಪಿತು.

ಮೆರೊಪೆನೆಮ್ ಶುರುವಾಗಿ ಎರಡು ದಿನಕ್ಕೆ ಮತ್ತೆ ಬೆನ್ನಿನ ನೀರು ತೆಗೆದರು. ಈ ಸಲ ಯಾರೂ ಜಗಳವಾಡಲಿಲ್ಲ. ಅದರಲ್ಲಿ ರೋಗಾಣು ಬೆಳೆಯಲಿಲ್ಲ. ಅಂದೇ ನಾನು ಲೆಕ್ಕ ಕೇಳಿದೆ, ಮೇಡಂ ಹೇಳಿದ್ದನ್ನು ಡೈರಿಯಲ್ಲಿ ಬರೆದುಕೊಂಡೆ. ನೀರು ಶುದ್ಧವಾದ ದಿನದಿಂದ ಕನಿಷ್ಠ ಎರಡು ವಾರ, ಒಟ್ಟು ಚಿಕಿತ್ಸೆ ಕನಿಷ್ಠ 21 ದಿನ, ಇವೆರಡರಲ್ಲಿ ಯಾವುದು ಹೆಚ್ಚೋ ಅದು. ಮೆದುಳಿನಲ್ಲಿ ಕೀವುಗಟ್ಟಿದ್ದು ಕಂಡರೆ ಇನ್ನೂ ಹೆಚ್ಚು.

ಮೊದಲ ವಾರ ಮುಗಿಯುವ ಮೊದಲೇ ಮಗು ಕಣ್ಣು ಬಿಟ್ಟಳು. ಫಿಟ್ಸ್ ನಿಂತಿತು. ಗಟ್ಟಿಯಾಗಿ ಅತ್ತಳು, ಆ ಅಳುವಿಗೆ ಕೊಠಡಿಯಲ್ಲಿದ್ದ ತಾಯಂದಿರೆಲ್ಲ ನನ್ನ ಬೆನ್ನು ತಟ್ಟಿದರು. ನಳಿಕೆ ತೆಗೆದು ಒಳಲೆಯಲ್ಲಿ ಹಾಲು ಹಾಕಿದರು, ಆಮೇಲೆ ನೇರವಾಗಿ ಎದೆಗೆ ಕೊಟ್ಟರು. ಇಲ್ಲಿಂದ ಮುಂದಿನದೇ ನಿಜವಾಗಿ ಕಷ್ಟದ ಭಾಗ ಎಂದು ಆಗ ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ಮಗು ಸಾಯುವ ಹಾಗಿದ್ದಾಗ ಮನೆಯೆಲ್ಲ ಒಂದು ಮಾತಿಗೆ ನಿಂತಿತ್ತು. ಮಗು ನಗತೊಡಗಿದ ಮೇಲೆ ದಿನಕ್ಕೊಬ್ಬರು ಬಂದು ಅದೇ ಪ್ರಶ್ನೆ ಕೇಳತೊಡಗಿದರು: ಮಗು ಚೆನ್ನಾಗಿದೆಯಲ್ಲ, ಇನ್ನೂ ಏಕೆ ಇಲ್ಲಿ?

ಹಾಸಿಗೆ ತುಂಬಿದೆ ಎಂದು ಮೇಲಿನವರಿಗೆ ಲೆಕ್ಕ ತೋರಿಸಲು ಇಟ್ಟುಕೊಂಡಿದ್ದಾರೆ ಎಂದು ಒಬ್ಬ ಚಿಕ್ಕಪ್ಪ. ಕಲಿಯುವ ಡಾಕ್ಟರುಗಳಿಗೆ ತೋರಿಸಲು ಎಂದು ಇನ್ನೊಬ್ಬರು. ಖಾಸಗಿ ಆಸ್ಪತ್ರೆಯಾಗಿದ್ದರೆ ಬಿಲ್ಲಿಗಾಗಿ ಎನ್ನುತ್ತಿದ್ದರು. ಇಲ್ಲಿ ಆ ವಾದ ನಡೆಯಲಿಲ್ಲ, ಏಕೆಂದರೆ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಒಂದು ವರ್ಷದೊಳಗಿನ ಕಾಯಿಲೆಯ ಮಗುವಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಔಷಧ, ಪರೀಕ್ಷೆ ಎರಡೂ ಉಚಿತ. ಮನೆಯಲ್ಲೇ ಬಾಯಿಗೆ ಹಾಕುವ ಔಷಧ ಕೊಡಬಾರದೇ ಎಂದು ಯಜಮಾನರೂ ಕೇಳಿದರು. ಅವರಿಗೂ ರಜೆ ಮುಗಿದಿತ್ತು. ಅದಕ್ಕೆ ಮೇಡಂ ಕೊಟ್ಟ ಉತ್ತರ ಇದು: ರಕ್ತಕ್ಕೂ ಮೆದುಳಿಗೂ ನಡುವೆ ತಡೆಯೊಂದಿದೆ, ಸೋಂಕು ಜೋರಾಗಿದ್ದಾಗ ಅದು ಸಡಿಲವಾಗಿ ಔಷಧ ಒಳಗೆ ಹೋಗುತ್ತದೆ. ಮಗು ಗುಣವಾಗುತ್ತಾ ಬಂದಂತೆ ತಡೆ ಮತ್ತೆ ಬಿಗಿಯಾಗುತ್ತದೆ, ಔಷಧ ಹೋಗುವುದು ಇನ್ನೂ ಕಷ್ಟವಾಗುತ್ತದೆ. ಬಾಯಿಯಲ್ಲಿ ಕೊಟ್ಟದ್ದು ಅಲ್ಲಿಗೆ ಸಾಕಷ್ಟು ತಲುಪುವುದಿಲ್ಲ. ಮೆದುಳಿನ ಒಳಗಿನ ನೀರಿನ ಕೋಣೆಗಳಲ್ಲಿ ನಾಲ್ಕು ಬ್ಯಾಕ್ಟೀರಿಯಾ ಉಳಿದರೂ ಮತ್ತೆ ಮೊದಲಿನಿಂದ.

ಅಂದರೆ ಮಗು ಚೆನ್ನಾಗಿ ಕಾಣುವುದೇ ಔಷಧವನ್ನು ಮುಂದುವರಿಸಲು ಕಾರಣ. ಇದನ್ನು ನೆಂಟರಿಗೆ ವಿವರಿಸುವುದು ನನ್ನ ದಿನದ ಕೆಲಸವಾಯಿತು. ಪಕ್ಕದ ಮಗುವಿನ ಮನೆಯವರು ಹತ್ತು ದಿನಕ್ಕೇ ಸ್ವಂತ ಜವಾಬ್ದಾರಿ ಎಂದು ಬರೆದುಕೊಟ್ಟು ಹೊರಟರು. ಅವರ ಮನೆಯಲ್ಲಿ ಇನ್ನೆರಡು ಚಿಕ್ಕ ಮಕ್ಕಳಿದ್ದವು, ಹಸು ಇತ್ತು, ನೋಡುವವರಿರಲಿಲ್ಲ. ಸಿಸ್ಟರ್ ಅವರನ್ನು ಬೈದದ್ದು ನನಗೆ ಸರಿ ಕಾಣಲಿಲ್ಲ. ಮೂರು ವಾರ ಆಸ್ಪತ್ರೆಯಲ್ಲಿ ಕೂರುವ ಅನುಕೂಲ ನನಗಿತ್ತು, ತವರಿತ್ತು, ಸಂಬಳದ ರಜೆ ಇತ್ತು. ಆ ಹೆಂಗಸಿಗೆ ಇದ್ದದ್ದು ದಿನಗೂಲಿ.

ಅಷ್ಟರಲ್ಲಿ ಇನ್ನೊಂದು ಭಯ ಬಂದಿತು. ಘಟಕದಲ್ಲಿ ಮಗುವಿನ ತಲೆಯ ಸುತ್ತಳತೆಯನ್ನು ಟೇಪಿನಿಂದ ಅಳೆದು ಬರೆಯುತ್ತಿದ್ದರು. ನಾನೂ ಡೈರಿಯಲ್ಲಿ ಬರೆದುಕೊಳ್ಳುತ್ತಿದ್ದೆ. ಮೊದಲ ತಿಂಗಳುಗಳಲ್ಲಿ ತಲೆ ವಾರಕ್ಕೆ ಸುಮಾರು ಅರ್ಧ ಸೆಂಟಿಮೀಟರ್ ಬೆಳೆಯುವುದು ಸಹಜ. ನನ್ನ ಮಗಳ ತಲೆ ಒಂದೇ ವಾರದಲ್ಲಿ 1.3 ಸೆಂ.ಮೀ. ಹೆಚ್ಚಿತ್ತು. ಅದುವರೆಗೆ ಕುಳಿಯಾಗಿದ್ದ ನೆತ್ತಿಯೂ ಕೈಗೆ ತುಂಬಿದಂತೆ ಸಿಗುತ್ತಿತ್ತು. ಸೋಂಕಿನ ಕಸ ಕಟ್ಟಿಕೊಂಡು ಮೆದುಳಿನೊಳಗಿನ ನೀರು ಹರಿಯುವ ದಾರಿ ಮುಚ್ಚಿದರೆ ಹೀಗಾಗುತ್ತದೆ. ಹೆಚ್ಚಾದರೆ ತಲೆಯಿಂದ ಹೊಟ್ಟೆಯವರೆಗೆ ಚರ್ಮದ ಕೆಳಗೆ ಶಂಟ್ ಎಂಬ ನಳಿಕೆ ಹಾಕಬೇಕಾಗುತ್ತದೆ, ಅದು ಬಹಳ ಸಲ ಜೀವನಪೂರ್ತಿ ಇರುತ್ತದೆ.

ನೆತ್ತಿ ಕೂಡಿರದ ಮಕ್ಕಳಿಗೆ ಒಂದು ಅನುಕೂಲವೆಂದರೆ ಆ ಕಿಟಕಿಯ ಮೂಲಕವೇ ಅಲ್ಟ್ರಾಸೌಂಡ್ ಮಾಡಬಹುದು. ಯಂತ್ರವನ್ನು ಮಂಚದ ಹತ್ತಿರವೇ ತಂದರು. ಪರದೆಯ ಮೇಲೆ ಎರಡು ಕಪ್ಪು ಕೋಣೆಗಳು ಕಂಡವು, ಇರಬೇಕಾದ್ದಕ್ಕಿಂತ ಸ್ವಲ್ಪ ಹಿಗ್ಗಿದ್ದವು. ಎಂಆರ್‌ಐ ಮಾಡಿಸಿದರು. ಮಗುವಿಗೆ ನಿದ್ದೆಯ ಔಷಧ ಕೊಡಲಿಲ್ಲ, ಹೊಟ್ಟೆ ತುಂಬ ಹಾಲು ಕುಡಿಸಿ, ಬಿಗಿಯಾಗಿ ಸುತ್ತಿ, ಕಿವಿಗೆ ಹತ್ತಿ ಇಟ್ಟು ಮಲಗಿಸಿದರು. ಅಷ್ಟು ಸದ್ದಿನಲ್ಲೂ ಅವಳು ಎಚ್ಚರವಾಗಲಿಲ್ಲ. ಜೊತೆಗಿದ್ದ ಸಿಸ್ಟರ್ ಬಹಳ ಜಾಣ ಮಗು ಎಂದರು. ಕಿವಿಯ ವಿಷಯ ಗೊತ್ತಾದ ಮೇಲೆ ಆ ಹೊಗಳಿಕೆ ನೆನಪಾಗಿ ಹೊಟ್ಟೆಯೊಳಗೆ ಕಸಿವಿಸಿಯಾಯಿತು.

ಕೀವುಗಟ್ಟಿರಲಿಲ್ಲ. ಕೋಣೆಗಳು ಹಿಗ್ಗಿದ್ದವು, ಆದರೆ ಒತ್ತಡದ ಲಕ್ಷಣ ಇರಲಿಲ್ಲ. ಕಾದು ನೋಡೋಣ ಎಂದರು. ಕಾದು ನೋಡುವುದು ಎಂದರೆ ಬೆಳಗಾದರೆ ಟೇಪು, ಕೆಲವು ದಿನಕ್ಕೊಮ್ಮೆ ಅಲ್ಟ್ರಾಸೌಂಡ್. ಟೇಪನ್ನು ಹುಬ್ಬಿನ ಮೇಲಿಂದ ಹಿಂದಲೆಯ ಉಬ್ಬಿನ ಮೇಲೆ ಹಾಯಿಸಬೇಕು, ಒಬ್ಬರು ಸ್ವಲ್ಪ ಕೆಳಗೆ ಹಿಡಿದರೂ ಸಂಖ್ಯೆ ಬದಲಾಗುತ್ತದೆ. ಹಾಗಾಗಿ ಒಬ್ಬರೇ ಅಳೆಯಲಿ ಎಂದು ನಾನು ಪಟ್ಟು ಹಿಡಿದೆ, ಹಗಲಿನ ಪಾಳಿಯ ಹಿರಿಯ ಸಿಸ್ಟರ್ ನಕ್ಕು ಒಪ್ಪಿಕೊಂಡರು. ಮುಂದಿನ ವಾರ ಬೆಳವಣಿಗೆ 0.6ಕ್ಕೆ ಇಳಿಯಿತು, ಅದರ ಮುಂದಿನ ವಾರ 0.5. ಅಲ್ಟ್ರಾಸೌಂಡಿನಲ್ಲಿ ಕೋಣೆಗಳು ಇದ್ದಷ್ಟೇ ಇದ್ದವು. ಶಂಟ್ ಬೇಕಾಗಲಿಲ್ಲ. ಔಷಧದ ಕೊನೆಯ ಡೋಸ್ ಹಾಕಿದ ದಿನ ಅತ್ತೆಯವರು ಘಟಕದವರಿಗೆಲ್ಲ ಹಾಸನದ ಅಂಗಡಿಯಿಂದ ಮೈಸೂರು ಪಾಕ್ ತಂದರು. ಫಿಟ್ಸ್ ಔಷಧವನ್ನೂ ಅಲ್ಲೇ ನಿಲ್ಲಿಸಿ ಮನೆಗೆ ಕಳುಹಿಸಿದರು.

ಮನೆಗೆ ಕಳುಹಿಸುವಾಗ ಕೊಟ್ಟ ಚೀಟಿಯಲ್ಲಿ ಔಷಧ ಒಂದೂ ಇರಲಿಲ್ಲ, ತಾರೀಖುಗಳಿದ್ದವು. ಕಣ್ಣು, ಕಿವಿ, ತಲೆಯ ಅಳತೆ, ಬೆಳವಣಿಗೆಯ ಪರೀಕ್ಷೆ, ಎರಡು ವರ್ಷದವರೆಗೆ. ಜಿಲ್ಲಾ ಮಟ್ಟದಲ್ಲಿ ಮಕ್ಕಳಿಗೆಂದೇ ಶೀಘ್ರ ಚಿಕಿತ್ಸಾ ಕೇಂದ್ರಗಳಿವೆ, 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದವು. ಅಲ್ಲಿನ ಫಿಸಿಯೋಥೆರಪಿಸ್ಟ್ ಮಗುವನ್ನು ಹೊಟ್ಟೆಯ ಮೇಲೆ ಮಲಗಿಸಿ ಕತ್ತು ಎತ್ತಿಸುವುದು, ಎರಡೂ ಕೈಯನ್ನು ಸಮನಾಗಿ ಆಡಿಸುತ್ತಾಳೆಯೇ ಎಂದು ಗಮನಿಸುವುದು ಮುಂತಾದವನ್ನು ಹೇಳಿಕೊಟ್ಟರು. ಕತ್ತು ನಿಂತದ್ದು ಸ್ವಲ್ಪ ತಡ, ಕೂತದ್ದು ಸಮಯಕ್ಕೆ, ನಡೆದದ್ದು ಮತ್ತೆ ತಡ. ಕೈಕಾಲು ಎರಡೂ ಬದಿ ಸಮ. ಇದರ ಬಗ್ಗೆ ಹೇಳಲು ಹೆಚ್ಚೇನಿಲ್ಲ, ಅದೃಷ್ಟ.

ಕಿವಿಯದೇ ಬೇರೆ. ಮೆದುಳಿನ ಪೊರೆಯ ಸೋಂಕು ಒಳಗಿವಿಗೆ ಹಬ್ಬಿ ಶ್ರವಣವನ್ನು ಕೆಡಿಸಬಲ್ಲದು, ಆದ್ದರಿಂದ ಮಗು ಚಪ್ಪಾಳೆಗೆ ತಿರುಗುತ್ತದೆ ಎಂದು ಸುಮ್ಮನಾಗಬೇಡಿ, ಬೇರಾ ಎಂಬ ಶ್ರವಣ ಪರೀಕ್ಷೆ ಮಾಡಿಸಲೇಬೇಕು ಎಂದು ಮೇಡಂ ಹೇಳಿದ್ದರು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ, 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋದೆವು. ಮಗು ನಿದ್ದೆಯಲ್ಲಿರಬೇಕು, ಹಣೆಗೂ ಕಿವಿಯ ಹಿಂದೆಯೂ ತಂತಿ ಅಂಟಿಸಿ ಕಿವಿಯಲ್ಲಿ ಟಿಕ್ ಟಿಕ್ ಸದ್ದು ಬಿಡುತ್ತಾರೆ, ಸದ್ದು ನರದಲ್ಲಿ ಸಾಗಿ ಮೆದುಳಿನ ಕಾಂಡ ತಲುಪಿದ್ದು ಅಲೆಯಾಗಿ ಕಾಣುತ್ತದೆ. ಅಲ್ಲಿ ನಿದ್ದೆ ಬರಲಿ ಎಂದು ದಾರಿಯಲ್ಲಿ ಎಚ್ಚರವಾಗಿಡಲು ನಾವು ಅರಸೀಕೆರೆಯಿಂದ ರೈಲಿನಲ್ಲಿ ಪಟ್ಟ ಪಾಡು ಅಷ್ಟಿಷ್ಟಲ್ಲ. ಹೊಳೆನರಸೀಪುರದಿಂದ ಮೈಸೂರಿನವರೆಗೂ ಅವಳು ಸುಖವಾಗಿ ನಿದ್ದೆ ಮಾಡಿದಳು. ಪರೀಕ್ಷೆಯ ಕೋಣೆಯಲ್ಲಿ ಕಣ್ಣರಳಿಸಿ ಕುಳಿತಳು. ಸಂಜೆಯವರೆಗೆ ಕಾದು ಮಾಡಿಸಿಕೊಂಡು ಬಂದೆವು.

ಬಲಗಿವಿ ಸರಿಯಿತ್ತು. ಎಡಗಿವಿಯಲ್ಲಿ 50 ಡೆಸಿಬಲ್‌ಗಿಂತ ಕಡಿಮೆಯ ಸದ್ದಿಗೆ ಅಲೆ ಬರಲಿಲ್ಲ. ಮಧ್ಯಮ ಪ್ರಮಾಣದ ಶ್ರವಣ ನಷ್ಟ. ಕೆಲವು ತಿಂಗಳ ಬಳಿಕ ಮತ್ತೆ ನೋಡಿದಾಗಲೂ ಅಷ್ಟೇ. ಮೊದಲ ದಿನಗಳಲ್ಲಿ ಕೊಟ್ಟ ಜೆಂಟಾಮೈಸಿನ್, ಅಮಿಕಾಸಿನ್‌ಗಳೂ ಕಿವಿಗೆ ತೊಂದರೆ ಮಾಡಬಲ್ಲವು ಎಂದು ಯಜಮಾನರು ಓದಿದ್ದರು. ಕೇಳಿದೆವು. ಔಷಧದ ತೊಂದರೆ ಸಾಮಾನ್ಯವಾಗಿ ಎರಡೂ ಕಿವಿಗೆ ಆಗುತ್ತದೆ, ಒಂದೇ ಬದಿ ಆದದ್ದು ನೋಡಿದರೆ ಸೋಂಕಿನದೇ ಇರಬೇಕು ಎಂದರು. ನನಗೆ ಆ ಉತ್ತರ ಸಾಕಾಯಿತು. ಯಜಮಾನರಿಗೆ ಸಾಕಾಗಲು ಒಂದು ವರ್ಷ ಹಿಡಿಯಿತು.

ಒಂದು ಕಿವಿ ಸರಿಯಿದ್ದರೆ ಮಾತು ಬಂದೇ ಬರುತ್ತದೆ, ಶ್ರವಣ ಯಂತ್ರ ಏಕೆ, ಜನ ನೋಡುತ್ತಾರೆ ಎಂದರು ಅತ್ತೆ. ಮೊದಲ ವಾರ ಚೆನ್ನಾಗಿ ಕಂಡ ಮಗುವನ್ನು ಮೂರು ವಾರ ಇಟ್ಟುಕೊಂಡು ಕೂತವಳು ನಾನು, ಈ ಮಾತಿಗೆ ಬಗ್ಗಲಿಲ್ಲ. ಯಂತ್ರ ಹಾಕಿಸಿದೆವು. ಆರಂಭದಲ್ಲಿ ಅವಳು ಅದನ್ನು ಕಿತ್ತು ಬಾಯಿಗೆ ಹಾಕಿಕೊಳ್ಳುತ್ತಿದ್ದಳು, ಒಂದು ಸಲ ರಾಗಿ ಹಿಟ್ಟಿನ ಡಬ್ಬಿಯಲ್ಲಿ ಸಿಕ್ಕಿತು. ಅದರ ಬ್ಯಾಟರಿಯನ್ನು ನುಂಗಿದರೆ ಅಪಾಯವೆಂದು ಮುಚ್ಚಳಕ್ಕೆ ಬೀಗವಿರುವ ಮಾದರಿಯನ್ನೇ ಕೇಳಿ ಪಡೆದಿದ್ದೆವು. ಈಗ ಅಂಗನವಾಡಿಗೆ ಹೋಗುತ್ತಾಳೆ. ಎಡಗಡೆಯಿಂದ ಕರೆದರೆ ಕೆಲವೊಮ್ಮೆ ಸುತ್ತ ನೋಡುತ್ತಾಳೆ, ಆದ್ದರಿಂದ ಟೀಚರ್ ಅವಳನ್ನು ತಮ್ಮ ಬಲಗೈ ಕಡೆಯ ಸಾಲಿನ ತುದಿಯಲ್ಲಿ, ಒಳ್ಳೆಯ ಕಿವಿ ತಮ್ಮತ್ತ ಇರುವಂತೆ ಕೂರಿಸುತ್ತಾರೆ. ಮಾತಿಗೇನೂ ಕೊರತೆಯಿಲ್ಲ, ಅಜ್ಜಿಯರಿಬ್ಬರೂ ಈಗ ಹೇಳುವುದು ಸ್ವಲ್ಪ ಸುಮ್ಮನಿರಲಿ ಎಂದು.

ಕಿವಿ ಬೆಳೆಯುತ್ತದೆ, ಯಂತ್ರವನ್ನು ಕಿವಿಯಲ್ಲಿ ಕೂರಿಸುವ ಅಚ್ಚು ಬೆಳೆಯುವುದಿಲ್ಲ. ಸಡಿಲವಾದಾಗ ಯಂತ್ರ ಸಿಳ್ಳೆ ಹಾಕತೊಡಗುತ್ತದೆ. ಹೋದ ವಾರದಿಂದ ಮತ್ತೆ ಶುರುವಾಗಿದೆ. ಹೊಸ ಅಚ್ಚಿಗೆ ಅಳತೆ ಕೊಡಲು ಮುಂದಿನ ಸೋಮವಾರ ಮೈಸೂರಿಗೆ ಹೊರಡಬೇಕು, ಸಂಘದಲ್ಲಿ ರಜೆ ಬರೆದಿಟ್ಟಿದ್ದೇನೆ.